ನಾಳೆ ನೀರು ಬರಲ್ಲ ಅಂತ ಯಾರು ಹೇಳಬೇಕು?

2022ರ ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ಕಡೆ ಮನೆಗಳಿಗೆ ಮಳೆನೀರು ನುಗ್ಗಿತ್ತು. ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋಗುವವರ ಚಿತ್ರಗಳು ದೇಶದ ತುಂಬ ಓಡಾಡಿದವು. ಅದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯಲ್ಲಿ ಕಾವೇರಿ ನೀರು ಪಂಪ್ ಮಾಡುವ ಘಟಕಕ್ಕೂ ನೀರು ನುಗ್ಗಿತು. ಪಂಪುಗಳು ನಿಂತವು. ಪ್ರವಾಹದ ಗೊಡವೆಯೇ ಇಲ್ಲದ ಬಡಾವಣೆಗಳಲ್ಲೂ ನಲ್ಲಿ ಒಣಗಿತು. ಕಾರಣ ಇದ್ದದ್ದು ಸುಮಾರು ನೂರು ಕಿಲೋಮೀಟರ್ ಆಚೆ.

ಅಂಥ ದಿನ ಒಂದು ಬೀದಿಗೆ ಬೇಕಾದ ಸುದ್ದಿ ತೀರಾ ಚಿಕ್ಕದು. ನೀರು ಯಾವಾಗ ನಿಲ್ಲುತ್ತದೆ, ಯಾವಾಗ ಬರಬಹುದು, ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ. ಸಂಪು ದೊಡ್ಡದಿದ್ದವರು ಎರಡು ದಿನ ಹೇಗೋ ಕಳೆಯುತ್ತಾರೆ. ವಟಾರದಲ್ಲಿ ಒಂದೇ ನಲ್ಲಿಯಿಂದ ಬಿಂದಿಗೆ ತುಂಬಿಕೊಳ್ಳುವವರಿಗೆ ಹಿಂದಿನ ರಾತ್ರಿಯೇ ಗೊತ್ತಾಗಬೇಕು. ಗೊತ್ತಾದರೆ ನಾಲ್ಕು ಬಿಂದಿಗೆ ಜಾಸ್ತಿ ತುಂಬಿಡುತ್ತಾರೆ. ಗೊತ್ತಾಗದಿದ್ದರೆ ಬೆಳಗ್ಗೆ ಮಕ್ಕಳನ್ನು ಸ್ಕೂಲಿಗೆ ಕಳಿಸುವುದೇ ಕಷ್ಟವಾಗುತ್ತದೆ.

ಮಾಹಿತಿಯನ್ನು ನಾವು ಸೇವೆ ಅಂತ ಎಣಿಸುವುದೇ ಇಲ್ಲ. ನೀರು, ಕರೆಂಟು, ಕಸ, ರಸ್ತೆ ಸೇವೆ. ಅವುಗಳ ಬಗ್ಗೆ ಹೇಳುವುದು ಮಾತ್ರ ಉಪಕಾರ ಎನ್ನುವ ಹಾಗೆ ನಡೆದುಕೊಳ್ಳುತ್ತೇವೆ. ಬೆಂಗಳೂರಿನ ಆಡಳಿತದ ನಕ್ಷೆಯೇ ಬದಲಾಗಿರುವ ಈ ಹೊತ್ತಿನಲ್ಲಿ ಈ ಸೇವೆಯ ಬಗ್ಗೆ ಮಾತಾಡಲೇಬೇಕು.

ಒಂದು ಬೀದಿ, ಹತ್ತು ಇಲಾಖೆ

ಯಾವುದೇ ಬಡಾವಣೆಯ ಒಂದು ಅಡ್ಡರಸ್ತೆ ತಗೊಳ್ಳಿ. ಡಾಂಬರು ಪಾಲಿಕೆಯದು. ಅದರ ಕೆಳಗಿನ ನೀರಿನ ಪೈಪು, ಒಳಚರಂಡಿ, ಮ್ಯಾನ್‌ಹೋಲ್ ಎಲ್ಲ ಜಲಮಂಡಳಿಯದು. ಪಕ್ಕದ ಮಳೆನೀರಿನ ಮೋರಿ ಮತ್ತೆ ಪಾಲಿಕೆಯದು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಬೀದಿದೀಪದ ಹೊಣೆ ಪಾಲಿಕೆಯದು. ಕಸ ಘನತ್ಯಾಜ್ಯ ನಿರ್ವಹಣಾ ಕಂಪನಿಯದು. ಬಸ್ಸು ಬಿಎಂಟಿಸಿಯದು. ರಸ್ತೆ ಒನ್‌ವೇ ಆಗಬೇಕೋ ಬೇಡವೋ ಅಂತ ಹೇಳುವವರು ಸಂಚಾರ ಪೊಲೀಸರು. ಒಣಗಿದ ಕೊಂಬೆ ಕಡಿಯುವುದಕ್ಕೆ ಪಾಲಿಕೆಯ ಅರಣ್ಯ ವಿಭಾಗ ಬೇಕು.

ಇಷ್ಟೇ ಆಗಿದ್ದರೆ ಹೇಗೋ ನೆನಪಿಟ್ಟುಕೊಳ್ಳಬಹುದಿತ್ತು. ಇವರ ನಕ್ಷೆಗಳೂ ಬೇರೆ ಬೇರೆ. ಬೆಸ್ಕಾಂ ಕೆಲಸ ಮಾಡುವುದು ಸಬ್‌ಸ್ಟೇಷನ್, ಫೀಡರ್ ಲೆಕ್ಕದಲ್ಲಿ. ಜಲಮಂಡಳಿಗೆ ತನ್ನದೇ ಉಪವಿಭಾಗ, ಸೇವಾಠಾಣೆಗಳಿವೆ. ಪೊಲೀಸರಿಗೆ ಠಾಣೆಯ ಸರಹದ್ದು. ಪಾಲಿಕೆಗೆ ವಾರ್ಡು. ಹಾಗಾಗಿ 'ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ' ಅಂತ ಪತ್ರಿಕೆಯಲ್ಲಿ ಇಪ್ಪತ್ತು ಊರಿನ ಹೆಸರು ಬಂದರೂ, 'ಸುತ್ತಮುತ್ತಲಿನ ಪ್ರದೇಶಗಳು' ಎನ್ನುವ ಕೊನೆಯ ಎರಡು ಪದಗಳಲ್ಲಿ ನಮ್ಮ ಬೀದಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಪ್ರಕಟಣೆ ಹೊರಡಿಸಿದವರ ಮಟ್ಟಿಗೆ ಕೆಲಸ ಮುಗಿಯಿತು. ಓದಿದವರ ಮಟ್ಟಿಗೆ ಅದು ಶುರುವೇ ಆಗಿರುವುದಿಲ್ಲ.

ರಸ್ತೆ ಅಗೆಯುವ ವಿಷಯ ಇನ್ನೂ ಕಷ್ಟದ್ದು. ಹೊಸ ಡಾಂಬರು ಹಾಕಿದ ತಿಂಗಳಲ್ಲೇ ಪೈಪಿಗಾಗಿ ಅಗೆತ. ಅದು ಮುಚ್ಚುವ ಮೊದಲೇ ಕೇಬಲ್ಲಿಗಾಗಿ ಇನ್ನೊಂದು ಗುಂಡಿ. ಇದನ್ನು ತಡೆಯಬೇಕು ಅಂತಲೇ ರಸ್ತೆ ಅಗೆತದ ಅನುಮತಿಗೆ ಎಲ್ಲ ಸಂಸ್ಥೆಗಳಿಗೂ ಸೇರಿ ಒಂದು ಆನ್‌ಲೈನ್ ವ್ಯವಸ್ಥೆ ಮಾಡಲಾಯಿತು. ಅದರಿಂದ ಒಂದು ಇಲಾಖೆಯ ಸುದ್ದಿ ಇನ್ನೊಂದು ಇಲಾಖೆಗೆ ಹೋಗಬಹುದು. ಬೀದಿಯಲ್ಲಿ ಮನೆ ಇರುವವರಿಗೆ? ಅಗೆಯುವ ಜಾಗದಲ್ಲೇ ಒಂದು ಬೋರ್ಡು ಇರಬೇಕು. ಕೆಲಸ ಯಾರದು, ಗುತ್ತಿಗೆದಾರ ಯಾರು, ಯಾವತ್ತು ಮುಗಿಯುತ್ತದೆ, ಮುಗಿದ ಮೇಲೆ ರಸ್ತೆ ಸರಿ ಮಾಡುವವರು ಯಾರು. ನಾಲ್ಕು ಸಾಲು ಸಾಕು. ಅದು ಇರುವ ಕಡೆಗಳಿಗಿಂತ ಇಲ್ಲದ ಕಡೆಗಳೇ ಜಾಸ್ತಿ.

ಮಧ್ಯದಲ್ಲಿದ್ದ ಮನುಷ್ಯ

ಮೊದಲು ಈ ಎಲ್ಲ ಇಲಾಖೆಗಳಿಗೂ ಬೀದಿಗೂ ನಡುವೆ ಒಬ್ಬ ಮನುಷ್ಯ ಇರುತ್ತಿದ್ದ. ಕಾರ್ಪೊರೇಟರ್. ಮೋರಿ ಕಟ್ಟಿಕೊಂಡರೆ, ನೀರು ಬಿಡುವವನು ಬರದಿದ್ದರೆ, ದೀಪ ಹೋದರೆ ಜನ ಇಲಾಖೆ ಹುಡುಕುತ್ತಿರಲಿಲ್ಲ. ಕಾರ್ಪೊರೇಟರ್ ಮನೆ ಮುಂದೆ ನಿಲ್ಲುತ್ತಿದ್ದರು. ಎಲ್ಲ ಕಾರ್ಪೊರೇಟರೂ ಒಳ್ಳೆಯವರಿದ್ದರು ಅಂತ ಹೇಳುತ್ತಿಲ್ಲ. ಗುತ್ತಿಗೆಯ ಒಳವ್ಯವಹಾರ, ತಮ್ಮವರ ಬೀದಿಗೆ ಮೊದಲು ಡಾಂಬರು, ಇದೆಲ್ಲ ಊರಿಗೇ ಗೊತ್ತಿದ್ದದ್ದು. ಆದರೂ ಅವರಿಗೆ ಒಂದು ಭಯ ಇತ್ತು. ಐದು ವರ್ಷಕ್ಕೊಮ್ಮೆ ಇದೇ ಬೀದಿಗೆ ಮತ ಕೇಳಲು ಬರಬೇಕಿತ್ತು. ವರ್ಗಾವಣೆಯಾಗಿ ಹೋಗುವ ಎಂಜಿನಿಯರಿಗೆ ಆ ಭಯ ಇರುವುದಿಲ್ಲ.

ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಗರ ಕಾರ್ಪೊರೇಟರ್‌ಗಳೇ ಇಲ್ಲದೆ ನಡೆಯಿತು. ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿತು, ಮತ್ತೆ 225ಕ್ಕೆ ಇಳಿಯಿತು. ಚುನಾವಣೆ ಮಾತ್ರ ನಡೆಯಲಿಲ್ಲ. ಇದೇ ಮೊದಲೂ ಅಲ್ಲ. 2006ರ ಕೊನೆಯಿಂದ 2010ರ ವಸಂತದವರೆಗೂ ಹೀಗೇ ಆಗಿತ್ತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಎನ್ನುವುದು ಸಂವಿಧಾನದ ಮಾತು. 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಈ ಖಾಲಿ ಕಾಲದಲ್ಲೇ 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಎರಡನೇ ಅಲೆ ಬಂತು. ಹಾಸಿಗೆ ಎಲ್ಲಿದೆ, ಆಕ್ಸಿಜನ್ ಎಲ್ಲಿ ಸಿಗುತ್ತದೆ, ಲಸಿಕೆ ಇವತ್ತು ಯಾವ ಕೇಂದ್ರದಲ್ಲಿ ಇದೆ ಎನ್ನುವ ಪ್ರಶ್ನೆಗಳಿಗೆ ವಾರ್ಡಿನಲ್ಲಿ ಉತ್ತರ ಹೇಳುವ ಚುನಾಯಿತ ವ್ಯಕ್ತಿ ಯಾರೂ ಇರಲಿಲ್ಲ. ವಾರ್ ರೂಮುಗಳಿದ್ದವು, ಅಧಿಕಾರಿಗಳಿದ್ದರು, ಪುಣ್ಯಾತ್ಮರಾದ ಸ್ವಯಂಸೇವಕರಿದ್ದರು. ಅವರ ದುಡಿಮೆಯನ್ನು ಮರೆಯುವಂತಿಲ್ಲ. ಆದರೆ ಅವರ ಸಂಪರ್ಕ ಇಲ್ಲದವರು ಸುಮ್ನೆ ಫೋನ್ ಮಾಡುತ್ತಲೇ ಇದ್ದರು.

ಹೊಸ ನಕ್ಷೆ ಏನು ಕೊಡಬಹುದು

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು. ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅವುಗಳ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಐದೂ ಪಾಲಿಕೆ ಸೇರಿ 369 ವಾರ್ಡು.

ಚರ್ಚೆಯೆಲ್ಲ ಐದು ಮತ್ತು ಒಂದರ ಸುತ್ತ ನಡೆಯಿತು. ನಗರವನ್ನು ಒಡೆಯಬೇಕಿತ್ತೇ, ಮುಖ್ಯಮಂತ್ರಿಯೇ ಪಾಲಿಕೆಗಳ ತಲೆಯ ಮೇಲೆ ಕೂರಬೇಕೇ ಎನ್ನುವುದು. ಮುಖ್ಯವಾದ ಪ್ರಶ್ನೆಗಳೇ. ಆದರೆ ಬೀದಿಯಲ್ಲಿ ಬದುಕುವವರಿಗೆ ಜಾಸ್ತಿ ಮುಖ್ಯವಾದ ಸಂಖ್ಯೆ 369. ಲೆಕ್ಕ ಹಾಕಿ ನೋಡಿ. 2011ರ ಜನಗಣತಿ ಪ್ರಕಾರ ಬಿಬಿಎಂಪಿ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನ. 198 ವಾರ್ಡು ಇದ್ದಾಗ ವಾರ್ಡಿಗೆ ಸರಾಸರಿ 42 ಸಾವಿರದ ಮೇಲೆ. 369 ಅಂದರೆ 23 ಸಾವಿರದ ಹತ್ತಿರ. ಈಗಿನ ನಿಜವಾದ ಜನಸಂಖ್ಯೆ ಇದಕ್ಕಿಂತ ಎಷ್ಟೋ ಹೆಚ್ಚು. ಆದರೂ ವಾರ್ಡು ಹೆಚ್ಚುಕಡಿಮೆ ಅರ್ಧಕ್ಕೆ ಚಿಕ್ಕದಾಗಿದೆ ಎನ್ನುವುದು ನಿಜ. ಒಬ್ಬ ಸದಸ್ಯ ನಡೆದೇ ಸುತ್ತಬಹುದಾದ ಅಳತೆ ಇದು. ಹಳೆಯ ಬಡಾವಣೆಗಳಲ್ಲಂತೂ ಎರಡು ಗಂಟೆ ಸಾಕು.

ಇದರಿಂದ ತಾನಾಗಿಯೇ ಏನೂ ಆಗುವುದಿಲ್ಲ. ಜಲಮಂಡಳಿ, ಬೆಸ್ಕಾಂ, ಬಿಎಂಟಿಸಿ, ಮೆಟ್ರೋ ಯಾವುದೂ ಪಾಲಿಕೆಯ ಕೆಳಗೆ ಬಂದಿಲ್ಲ. ಅವುಗಳ ಮುಖ್ಯಸ್ಥರು ಜಿಬಿಎಯಲ್ಲಿ ಸದಸ್ಯರು. ಮೇಲ್ಮಟ್ಟದಲ್ಲಿ ಒಂದೇ ಮೇಜಿನ ಸುತ್ತ ಕೂರುವುದು ಒಳ್ಳೆಯದೇ. ಆದರೆ ವಿಧಾನಸೌಧದ ಹತ್ತಿರ ಒಂದೇ ಮೇಜು ಇದ್ದು, ವಾರ್ಡಿನಲ್ಲಿ ಅಂಥ ಮೇಜು ಇಲ್ಲದಿದ್ದರೆ ಮ್ಯಾನ್‌ಹೋಲ್ ಉಕ್ಕಿದಾಗ ಕೇಳುವ ಮಾತು ಹಳೆಯದೇ ಆಗಿರುತ್ತದೆ: 'ಅದು ನಮ್ಮ ವ್ಯಾಪ್ತಿಗೆ ಬರಲ್ಲ.'

ವಾರ್ಡಿನ ಮೇಜು ಅಂದರೆ ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಲ್ಲಿ ಇದು ಇರಲೇಬೇಕು ಅಂತ ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಬೆಂಗಳೂರಿನಲ್ಲಿ ಅದು ಕಾಗದದಿಂದ ಕೆಳಗೆ ಇಳಿಯಬೇಕಾದರೆ ಹೈಕೋರ್ಟ್ ಪದೇ ಪದೇ ಹೇಳಬೇಕಾಯಿತು. ಕೊನೆಗೆ ತಿಂಗಳ ಮೊದಲ ಶನಿವಾರ ಸಭೆ ಎನ್ನುವ ರೂಢಿ ಬಂತು. ಕೆಲವು ವಾರ್ಡುಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ಪಾಲಿಕೆ ಎಂಜಿನಿಯರ್, ಜಲಮಂಡಳಿಯವರು, ಬೆಸ್ಕಾಂನವರು ಒಂದೇ ಕೋಣೆಯಲ್ಲಿ ಕೂತಾಗ ಮೂರು ತಿಂಗಳಿಂದ ಸುತ್ತುತ್ತಿದ್ದ ದೂರು ಹತ್ತು ನಿಮಿಷದಲ್ಲಿ ತೀರುತ್ತದೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲು ಆಗುವುದಿಲ್ಲ, ಇಬ್ಬರೂ ಎದುರಿಗೇ ಇರುತ್ತಾರೆ. ಕಾರ್ಪೊರೇಟರ್ ಇಲ್ಲದ ವರ್ಷಗಳಲ್ಲಿ ನೋಡಲ್ ಅಧಿಕಾರಿಗಳು ಈ ಸಭೆ ನಡೆಸಬೇಕಿತ್ತು. ಬಹಳ ಕಡೆ ಅದು ನಿಂತೇಹೋಯಿತು.

ಮೆಸೇಜು ಯಾರ ಫೋನಿಗೆ ಹೋಗುತ್ತದೆ

ಆ್ಯಪ್ ಇದೆ, ಎಸ್ಸೆಮ್ಮೆಸ್ ಬರುತ್ತದೆ, ಎಕ್ಸ್‌ನಲ್ಲಿ ಹಾಕುತ್ತೇವೆ ಅಂತ ಸಂಸ್ಥೆಗಳು ಹೇಳುತ್ತವೆ. ಸುಳ್ಳಲ್ಲ. ಮಳೆ ಮುನ್ಸೂಚನೆಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ತಂದ 'ಮೇಘ ಸಂದೇಶ' ನಿಜಕ್ಕೂ ಒಳ್ಳೆಯ ಕೆಲಸ. ಪ್ರಶ್ನೆ ಬೇರೆ. ಕರೆಂಟು ಹೋಗುವ ಸುದ್ದಿ ಹೋಗುವುದು ಆರ್‌ಆರ್ ನಂಬರಿಗೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಗೆ, ಜೋಡಿಸಿದ ಫೋನಿಗೆ. ಆ ಫೋನು ಮನೆ ಮಾಲೀಕರದು. ಮಾಲೀಕರು ಇನ್ನೊಂದು ಬಡಾವಣೆಯಲ್ಲೋ, ಮಗನ ಜೊತೆ ವಿದೇಶದಲ್ಲೋ ಇರುತ್ತಾರೆ. ಇಲ್ಲಿ ಕತ್ತಲಲ್ಲಿ ಕೂರುವವರು ಬಾಡಿಗೆದಾರರು. ನೀರಿನ ಸಂಪರ್ಕದ್ದೂ ಇದೇ ಕಥೆ. ಅಪಾರ್ಟ್‌ಮೆಂಟಾದರೆ ಸುದ್ದಿ ಸಂಘದ ಪದಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ವಾಟ್ಸ್ಆ್ಯಪ್ ಗುಂಪಿಗೆ ಇಳಿಯುತ್ತದೆ. ಆ ಗುಂಪಿನಲ್ಲಿ ಹೆಚ್ಚಾಗಿ ಇಂಗ್ಲಿಷ್. ಅದೇ ಕಟ್ಟಡದ ಸೆಕ್ಯುರಿಟಿಯವರು, ಮನೆಕೆಲಸಕ್ಕೆ ಬರುವವರು, ಹಿಂದಿನ ಗಲ್ಲಿಯ ವಟಾರದವರು ಅದರೊಳಗೆ ಇರುವುದಿಲ್ಲ.

ಬಾಡಿಗೆದಾರರನ್ನು ಜೋಡಿಸುವುದು ಕಷ್ಟ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. 2023ರಲ್ಲಿ ಗೃಹಜ್ಯೋತಿ ಬಂದಾಗ ಬಾಡಿಗೆದಾರರು ತಮ್ಮ ಆಧಾರ್, ತಮ್ಮ ಫೋನ್ ನಂಬರನ್ನು ಮನೆಯ ವಿದ್ಯುತ್ ಸಂಪರ್ಕಕ್ಕೆ ಜೋಡಿಸಿದರು. ಅದೂ ಕೆಲವೇ ವಾರಗಳಲ್ಲಿ, ಸರ್ವರ್ ಮುಂದೆ ಸಾಲು ನಿಂತು. ಹಣ ಉಳಿಸುವ ಯೋಜನೆಗೆ ಮಾಡಿದ ಕೆಲಸವನ್ನು ಸುದ್ದಿ ತಲುಪಿಸುವುದಕ್ಕೆ ಮಾಡಲು ಆಗದೇ?

2024ರ ಬೇಸಿಗೆ ಇದಕ್ಕಿಂತ ದೊಡ್ಡ ಪಾಠ. ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ದರ ಮನಸ್ಸಿಗೆ ಬಂದಂತೆ ಏರಿತು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ, ಜಿಎಸ್‌ಟಿ ಬೇರೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ದಂಡದ ಸುದ್ದಿ ಊರಿಗೆಲ್ಲ ಗೊತ್ತಾಯಿತು. ಟ್ಯಾಂಕರ್ ದರದ ಪಟ್ಟಿ ಮಾತ್ರ ಅದು ಬೇಕಾಗಿದ್ದ ಜಾಗಕ್ಕೆ, ಅಂದರೆ ಟ್ಯಾಂಕರಿನ ಮೈಮೇಲೆ, ಬರಲಿಲ್ಲ. ಗೇಟಿನ ಮುಂದೆ ಟ್ಯಾಂಕರ್ ನಿಂತಾಗ ಬಕೆಟ್ ಹಿಡಿದವರಿಗೆ 600 ಎನ್ನುವ ಸಂಖ್ಯೆ ಗೊತ್ತಿಲ್ಲದಿದ್ದರೆ ಆ ಆದೇಶದಿಂದ ಅವರಿಗೇನು ಸಿಕ್ಕಿತು?

ಆ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ 110 ಹಳ್ಳಿಗಳಿಗೆ. 2007ರಲ್ಲಿ ನಗರಕ್ಕೆ ಸೇರಿದ ಹಳ್ಳಿಗಳಿಗೆ ನೀರು ಬರಲು ಹದಿನೇಳು ವರ್ಷ ಹಿಡಿಯಿತು. ಇದನ್ನು ಯಾರೂ ಹಗುರವಾಗಿ ನೋಡಬಾರದು.

ಕಸದ ಆಟೋ ಹೇಳುವ ಕಥೆ

ನಗರದಲ್ಲಿ ದಿನವೂ ಮನೆ ಬಾಗಿಲಿಗೆ ಬರುವ ಸರ್ಕಾರಿ ಸೇವೆ ಒಂದೇ ಒಂದು. ಕಸದ ಆಟೋ. ಹಸಿ, ಒಣ ಕಸ ಬೇರೆ ಮಾಡುವುದು 2012ರ ಅಕ್ಟೋಬರಿನಿಂದ ಕಡ್ಡಾಯ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಎಲ್ಲ ಮನೆಗಳಿಗೂ ಹೇಳಿತು. ಇದರ ಹಿಂದೆ ಮಂಡೂರು, ಮಾವಳ್ಳಿಪುರದ ಜನ ಅನುಭವಿಸಿದ ನರಕ ಇದೆ. ನಮ್ಮ ಕಸ ಅವರ ಬಾವಿಗೆ ಇಳಿಯಿತು. ಮಂಡೂರಿನವರು ದಾರಿಗಡ್ಡ ನಿಂತ ಮೇಲೆ 2014ರಲ್ಲಿ ಅಲ್ಲಿ ಸುರಿಯುವುದು ನಿಂತಿತು.

ಇಷ್ಟೆಲ್ಲ ಆದರೂ ಬೀದಿ ಮೂಲೆಯ 'ಬ್ಲ್ಯಾಕ್ ಸ್ಪಾಟ್', ಅಂದರೆ ಕಸ ಸುರಿಯುವ ಜಾಗ, ಯಾಕೆ ಹೋಗಿಲ್ಲ? ಜನರಿಗೆ ಬುದ್ಧಿ ಇಲ್ಲ ಎನ್ನುವುದು ಸುಲಭದ ಉತ್ತರ. ಯಾರು ಹಾಕುತ್ತಾರೆ ಅಂತ ನೋಡಿದರೆ ಬೇರೆ ಕಾರಣ ಕಾಣುತ್ತದೆ. ಆಟೋ ಬರುವುದು ಬೆಳಗ್ಗೆ. ಗಾರ್ಮೆಂಟ್ಸ್‌ಗೆ ಹೋಗುವವರು, ಮನೆಕೆಲಸದವರು, ಹೋಟೆಲ್ ಕೆಲಸದವರು ಅಷ್ಟು ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ. ಇವತ್ತು ಏಳಕ್ಕೆ, ನಾಳೆ ಒಂಬತ್ತೂವರೆಗೆ, ನಾಡಿದ್ದು ಇಲ್ಲವೇ ಇಲ್ಲ ಅಂದರೆ ಮೂರು ದಿನದ ಹಸಿ ಕಸವನ್ನು ಹತ್ತಡಿ ಕೋಣೆಯಲ್ಲಿ ಎಲ್ಲಿ ಇಟ್ಟುಕೊಳ್ಳುವುದು? ರಾತ್ರಿ ಚೀಲ ಮೂಲೆಗೆ ಹೋಗುತ್ತದೆ. ಒಳ್ಳೆಯದು ಅಂತ ಹೇಳುತ್ತಿಲ್ಲ. ಬದುಕು ಹಾಗಿದೆ.

2025ರ ಅಕ್ಟೋಬರ್ ಕೊನೆಯಲ್ಲಿ ಬೀದಿಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕುವ 'ಕಸ ಸುರಿಯುವ ಹಬ್ಬ' ನಡೆಯಿತು. ಟಿವಿಯಲ್ಲಿ ಚೆನ್ನಾಗಿ ಕಂಡಿತು. ಒಬ್ಬರಿಗೆ ಅವಮಾನ ಮಾಡುವ ಮೊದಲು ನಿಮ್ಮ ಬೀದಿಗೆ ಆಟೋ ಇಷ್ಟು ಗಂಟೆಗೆ ಬರುತ್ತದೆ, ತಪ್ಪಿದರೆ ಸಂಜೆ ಇಂಥ ಕಡೆ ಕೊಡಬಹುದು ಅಂತ ಹೇಳಿತ್ತೇ ಪಾಲಿಕೆ? 2025ರ ಏಪ್ರಿಲಿನಿಂದ ಕಸಕ್ಕೆ ಆಸ್ತಿ ತೆರಿಗೆಯ ಜೊತೆ ಬೇರೆ ಶುಲ್ಕವನ್ನೂ ಕಟ್ಟುತ್ತಿದ್ದೇವೆ. ಸಮಯ ಕೇಳುವುದು ಹಕ್ಕು.

ಇನ್ನೊಂದು ವಿಷಯ. ಈ ಆಟೋಗಳಿಗೆ ಧ್ವನಿವರ್ಧಕ ಇದೆ. ಹಸಿ ಕಸ, ಒಣ ಕಸದ ಹಾಡು ದಿನವೂ ಕೇಳುತ್ತದೆ. ಹಳ್ಳಿಯಲ್ಲಿ ಡಂಗುರ ಸಾರಿದ ಹಾಗೆ, 'ನಾಳೆ ಈ ಬೀದಿಗೆ ಕಾವೇರಿ ನೀರು ಇಲ್ಲ', 'ಗುರುವಾರ ಕರೆಂಟು ಇರಲ್ಲ', 'ಶನಿವಾರ ಶಾಲೆಯಲ್ಲಿ ಲಸಿಕೆ' ಅಂತ ಅದೇ ಮೈಕಿನಲ್ಲಿ ಹೇಳಿಸಬಹುದಲ್ವಾ? ಫೋನ್ ಬೇಡ, ಆ್ಯಪ್ ಬೇಡ, ಓದು ಬರಹವೂ ಬೇಡ. ಬೇಕಾಗುವುದು ಒಂದೇ. ಜಲಮಂಡಳಿಯ ಸುದ್ದಿ ಹಿಂದಿನ ದಿನ ವಾರ್ಡ್ ಕಚೇರಿಗೆ ಬರಬೇಕು.

ಕಾನೂನು ಆಗಲೇ ಹೇಳಿದೆ

ಇದು ನನ್ನ ಆಸೆಯಷ್ಟೇ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ. ಯಾರೂ ಅರ್ಜಿ ಹಾಕದೆಯೇ ಸರ್ಕಾರಿ ಸಂಸ್ಥೆಗಳು ತಾವಾಗಿ ಮಾಹಿತಿ ಪ್ರಕಟಿಸಬೇಕು. ಹೇಗೆ ಅಂತಲೂ ಇದೆ. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಘೋಷಣೆ, ಪ್ರಸಾರ ಮಾಧ್ಯಮ, ಇಂಟರ್ನೆಟ್. ಸ್ಥಳೀಯ ಭಾಷೆಯನ್ನೂ, ಆ ಜಾಗದಲ್ಲಿ ಚೆನ್ನಾಗಿ ತಲುಪುವ ದಾರಿ ಯಾವುದು ಎನ್ನುವುದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ ಕಾಯ್ದೆಯೇ ಹೇಳಿದೆ. ಮಾಹಿತಿ ಹಕ್ಕು ಅಂದರೆ ಹತ್ತು ರೂಪಾಯಿ ಅರ್ಜಿ ಮಾತ್ರ ಅಂತ ನಾವೂ ಅಂದುಕೊಂಡುಬಿಟ್ಟಿದ್ದೇವೆ.

ಸೇವೆ ಚೆನ್ನಾಗಿದ್ದರೆ ಇಷ್ಟೊಂದು ಸುದ್ದಿಯೇ ಬೇಕಾಗುವುದಿಲ್ಲ ಎನ್ನುವುದೂ ನಿಜ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದ 24 ಗಂಟೆ ನೀರು ಬಂದಾಗ, ವಾರಕ್ಕೊಮ್ಮೆ ನೀರಿಗೆ ಕಾದು ಕೂತಿದ್ದ ಹೆಂಗಸರ ದಿನಚರಿಯೇ ಬದಲಾಯಿತು. ಬೆಂಗಳೂರು ಅಲ್ಲಿಗೆ ಮುಟ್ಟುವವರೆಗೆ, ನೀರು ಬಿಡುವವರ ವೇಳಾಪಟ್ಟಿಯನ್ನಾದರೂ ಬೀದಿ ಬೀದಿಗೆ ಅಂಟಿಸಬೇಕು.

ಹೊಸ ವಾರ್ಡುಗಳಲ್ಲಿ ಸಮಿತಿ ಸಭೆ ಸೇರಿದಾಗ ಮೊದಲು ಕೇಳಬೇಕಾದದ್ದು ಹೊಸ ಪಾರ್ಕೂ ಅಲ್ಲ, ಸ್ವಾಗತ ಕಮಾನೂ ಅಲ್ಲ. ವಾರ್ಡ್ ಕಚೇರಿ ಎಲ್ಲಿದೆ ಅಂತ ತೋರಿಸುವ ಬೋರ್ಡು ಬೇಕು. ಅದರ ಗೋಡೆ ಮೇಲೆ ಕನ್ನಡದಲ್ಲಿ ಈ ತಿಂಗಳ ಕಾಮಗಾರಿಗಳ ಪಟ್ಟಿ, ಖರ್ಚು, ಗುತ್ತಿಗೆದಾರರ ಹೆಸರು ಇರಬೇಕು. ಜಲಮಂಡಳಿ, ಬೆಸ್ಕಾಂ ಎಂಜಿನಿಯರುಗಳು ಪ್ರತಿ ಸಭೆಗೂ ಬರಬೇಕು ಅಂತ ಜಿಬಿಎ ಆದೇಶ ಮಾಡಬೇಕು. ಸಮಿತಿಯಲ್ಲಿ ಅಪಾರ್ಟ್‌ಮೆಂಟ್ ಸಂಘದವರಷ್ಟೇ ಅಲ್ಲ, ಬಾಡಿಗೆದಾರರು, ಬೀದಿ ವ್ಯಾಪಾರಿಗಳು, ಪೌರಕಾರ್ಮಿಕರೂ ಕೂರಬೇಕು. ಬೀದಿಯ ಯಾವ ಮೋರಿ ಯಾವ ಮಳೆಗೆ ಉಕ್ಕುತ್ತದೆ ಅಂತ ಪೌರಕಾರ್ಮಿಕರಷ್ಟು ತಿಳಿದವರು ಯಾರೂ ಇಲ್ಲ.

ಅಲ್ಲಿಯವರೆಗೆ ಇರುವ ದಾರಿಗಳನ್ನೇ ಬಳಸೋಣ. ನೀರು, ಒಳಚರಂಡಿಗೆ 1916. ಕರೆಂಟಿಗೆ 1912. ರಸ್ತೆ, ಮೋರಿ, ಬೀದಿದೀಪಕ್ಕೆ ಪಾಲಿಕೆಯ 1533. ಫೋನ್ ಇಡುವ ಮೊದಲು ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಗುಂಡಿ ಹಾಗೇ ಇದ್ದು 'ಪರಿಹರಿಸಲಾಗಿದೆ' ಅಂತ ಮೆಸೇಜು ಬಂದರೆ ಫೋಟೋ ತೆಗೆದು, ಅದೇ ಸಂಖ್ಯೆ ಹಾಕಿ ಮತ್ತೆ ದೂರು ಕೊಡಿ. ಖಾತಾದಂಥ ಅರ್ಜಿಯಾದರೆ, ಗೊತ್ತಾದ ದಿನಗಳೊಳಗೆ ಸೇವೆ ಕೊಡಬೇಕು ಎನ್ನುವ ಸಕಾಲ ಕಾಯ್ದೆಯಡಿ ಸಿಗುವ ಸಂಖ್ಯೆ ಪಡೆಯದೆ ಕೌಂಟರಿನಿಂದ ಏಳಬೇಡಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಲು ಆ ಕಾಯ್ದೆಯಲ್ಲಿ ಅವಕಾಶ ಇದೆ. ಮೊತ್ತ ಚಿಕ್ಕದು. ಆದರೆ ತಡ ಮಾಡಿದ್ದು ಯಾರು ಎನ್ನುವುದು ಕಡತದಲ್ಲಿ ದಾಖಲಾಗುತ್ತದೆ. ಮುಂದಿನ ಸಭೆಗೆ ಆ ಕಾಗದ ಹಿಡಿದು ಹೋಗಿ. ಪಕ್ಕದ ಮನೆಯವರ ಕಾಗದವನ್ನೂ ತಗೊಂಡು ಹೋಗಿ.